ಇಮಾಮ್ ಸಾಹೇಬರ ಜಲಜನಕ

ಗೊತ್ತಿಲ್ಲದ್ದನ್ನು ಗೊತ್ತಿದ್ದವನಂತೆ ಹೇಳಿದೆ. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡೆ. ಇಮಾಮ್ ಸಾಹೇಬರೇ, ನಾನು ನಿಮಗೆ ಮಾಡಿದ ಅನ್ಯಾಯ ಇದು — ಮೊದಲನೆಯದನ್ನು ದಡ್ಡತನ ಎನ್ನಬಹುದೇನೋ, ಎರಡನೆಯದಕ್ಕೆ ನನ್ನಲ್ಲಿ ಹೆಸರಿಲ್ಲ.

ಆಗ ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಿಟ್ಟುವಳ್ಳಿಯಲ್ಲಿ ನನ್ನ ಬಾಡಿಗೆ ಮನೆ, ಅದರ ಎದುರಿಗೆ ನಿಮ್ಮ ಬೆಸುಗೆ ಅಂಗಡಿ. ಶಾಲೆಯ ಪ್ರಯೋಗಶಾಲೆಯ ನಲ್ಲಿ ಸೋರುತ್ತದೆಂದು ನಿಮ್ಮನ್ನು ಕರೆಸಿದ್ದೆ. ಅವತ್ತು ಹುಡುಗರಿಗೆ ನೀರಿನಲ್ಲಿ ವಿದ್ಯುತ್ ಹರಿಸಿ ಜಲಜನಕ ತೆಗೆದು ತೋರಿಸುತ್ತಿದ್ದೆ. ನೀವು ನಲ್ಲಿ ಮರೆತು ನಿಂತುಬಿಟ್ಟಿರಿ.

ತಿಂಗಳೊಳಗೆ ನಿಮ್ಮ ಅಂಗಡಿಯ ಮೂಲೆಯಲ್ಲಿ ಎರಡು ಹಳೆಯ ಮೋಟಾರು ಬ್ಯಾಟರಿ, ಸೋಡ ಕಲಸಿದ ನೀರು, ಬೋರಲು ಹಾಕಿದ ಎಣ್ಣೆ ಡಬ್ಬ. ಡಬ್ಬದಲ್ಲಿ ಕೂಡಿದ ಗಾಳಿಯನ್ನು ಸಣ್ಣ ಕೊಳವೆಯಲ್ಲಿ ಬಿಟ್ಟು ಉರಿಸುತ್ತಿದ್ದಿರಿ. ಕಣ್ಣಿಗೆ ಕಾಣದಂಥ ಜ್ವಾಲೆ. ಅದರ ಮೇಲೆ ತಣ್ಣನೆಯ ಲೋಟ ಹಿಡಿದರೆ ಒಳಗೆಲ್ಲ ನೀರಿನ ಹನಿ. "ಹೊಗೆ ಇಲ್ಲ, ಮಸಿ ಇಲ್ಲ ಮಾಸ್ತರೆ. ಇದರಾಗೆ ಒಂದು ಒಲೆ ಮಾಡ್ತೀನಿ, ರಜಿಯಾಗೆ" ಎಂದಿದ್ದಿರಿ. ನಿಮ್ಮ ಹೆಂಡತಿಗೆ ಒಲೆಯ ಹೊಗೆಯಿಂದ ಕೆಮ್ಮು. ಆ ಕೆಮ್ಮು ನಮ್ಮ ಮನೆಗೂ ಕೇಳುತ್ತಿತ್ತು.

ಆ ವರ್ಷವೇ ಪತ್ರಿಕೆಗಳ ತುಂಬ ಜಲಜನಕ ಬಾಂಬು. ದೂರದ ಸಮುದ್ರದಲ್ಲಿ ದ್ವೀಪ ಹಾರಿಹೋಯಿತಂತೆ, ಬೂದಿ ಬಿದ್ದ ಮೀನುಗಾರರು ಕಾಯಿಲೆ ಬಿದ್ದರಂತೆ. ನಿಮ್ಮ ಮಳಿಗೆಯ ಮಾಲೀಕ ಬಸಣ್ಣ ಪೇಪರು ಹಿಡಿದು ನಮ್ಮ ಜಗಲಿಗೆ ಬಂದ. ಓಣಿಯ ನಾಲ್ಕಾರು ಜನ ಹಿಂದೆ. ನೀವೂ ಕೈ ಒರೆಸಿಕೊಳ್ಳುತ್ತ ಬಂದು ನಿಂತಿರಿ.

"ನೀವು ಓದಿದೋರು. ಇವರು ಮಾಡೋದು, ಇಲ್ಲಿ ಬರೆದಿರೋದು — ಎರಡೂ ಒಂದೇನಾ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ಆ ಬಾಂಬು ಇರಲಿಲ್ಲ. ಗೊತ್ತಿಲ್ಲ ಎಂದರೆ ಸಾಕಿತ್ತು — ಆದರೆ ಓಣಿಯೆಲ್ಲ ನನ್ನ ಮುಖ ನೋಡುತ್ತಿತ್ತು.

"ಎರಡೂ ಜಲಜನಕವೇ" ಎಂದೆ. "ಅಲ್ಲಿ ದೊಡ್ಡದು, ಇಲ್ಲಿ ಸಣ್ಣದು. ಅಷ್ಟೇ ವ್ಯತ್ಯಾಸ."

ನೀವು ವಾದಿಸಲಿಲ್ಲ. ಅವತ್ತೇ ಡಬ್ಬ ಬಿಚ್ಚಿದಿರಿ. ಸ್ವಲ್ಪ ದಿನಕ್ಕೆ ಅಂಗಡಿ ಖಾಲಿ ಮಾಡಿ ಹರಿಹರಕ್ಕೆ ಹೋದಿರಿ. ಬಸಣ್ಣನೇ ಇದನ್ನೆಲ್ಲ ಬಿಡಿಸಿದ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಹಗುರವಾಗಿತ್ತು.

ಎರಡು ವರ್ಷದ ಮೇಲೆ ಮೇಷ್ಟ್ರುಗಳ ತರಬೇತಿಯಲ್ಲಿ ಒಬ್ಬ ಪ್ರೊಫೆಸರರು ಬಿಡಿಸಿ ಹೇಳಿದರು. ಉರಿಯುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ನೀರಾಗುತ್ತದೆ. ಪರಮಾಣುವಿನ ಒಳಗಿನ ಬೀಜಕ್ಕೆ ಏನೂ ಆಗುವುದಿಲ್ಲ. ಬಾಂಬಿನಲ್ಲಿ ಆ ಬೀಜಗಳೇ ಒಂದಕ್ಕೊಂದು ಬೆಸೆದುಕೊಳ್ಳಬೇಕು — ಅದೂ ಬೇರೆ, ಭಾರವಾದ ಬಗೆಯ ಜಲಜನಕದವು — ಅಷ್ಟು ಕಾವು ಹುಟ್ಟಿಸಲು ಮೊದಲು ಒಂದು ಅಣುಬಾಂಬನ್ನೇ ಸಿಡಿಸಬೇಕು. ನಿಮ್ಮ ಡಬ್ಬ ಸಿಡಿದರೆ ನಿಮ್ಮ ಮುಖ ಸುಡುತ್ತಿತ್ತು, ಸೂರು ಹಾರುತ್ತಿತ್ತು. ಆ ಎಚ್ಚರ ಹೇಳುವುದು ನನ್ನ ಕೆಲಸವಾಗಿತ್ತು. ಊರು ಸುಡುವ ಶಕ್ತಿ ಅದಕ್ಕೆ ಎಂದೂ ಬರುತ್ತಿರಲಿಲ್ಲ.

ಮುಂದಿನ ಭಾನುವಾರವೇ ಹರಿಹರಕ್ಕೆ ಬಂದೆ, ನೆನಪಿದೆಯೇ? ನೀವು ಇದ್ದಿಲು ಕುಲುಮೆಯ ಮುಂದೆ ಕೂತಿದ್ದಿರಿ. ಚಹಾ ತರಿಸಿದಿರಿ. ಒಳಗೆ ಅದೇ ಕೆಮ್ಮು. ನಾನು ಮಾತು ತೆಗೆಯುವ ಮೊದಲೇ ನೀವು ಹೇಳಿದಿರಿ —

"ಬಸಣ್ಣಾರು ಬ್ಯಾಡ ಅಂದಿದ್ರೆ ನಾ ಬಿಡ್ತಿರಲಿಲ್ಲ, ಬ್ಯಾರೆ ಕಡೆ ಹೂಡ್ತಿದ್ದೆ. ನೀವು ಹೇಳಿದ್ರಲ್ಲ, ಅದಕ್ಕೆ ಬಿಟ್ಟೆ. ಊರು ಸುಡೋ ಅಂಥಾದ್ದು ನನ್ನ ಕೈಯಾಗೆ ಹುಟ್ಟಿತ್ತು ಮಾಸ್ತರೆ. ಈಗಲೂ ದಿನಾ ದೇವರ ಹತ್ರ ಮಾಫಿ ಕೇಳ್ತೀನಿ."

ಹೇಳಲೆಂದೇ ಬಂದವನು ನಾನು. ಆದರೆ ನೀವು ನನ್ನನ್ನು ನೋಡುತ್ತಿದ್ದ ಆ ನೋಟ — ದೊಡ್ಡ ಪಾಪದಿಂದ ತಪ್ಪಿಸಿದವನನ್ನು ನೋಡುವ ಹಾಗೆ... ಚಹಾ ಚೆನ್ನಾಗಿದೆ ಎಂದೆ. ಬಸ್ಸು ಹಿಡಿದು ವಾಪಸು ಬಂದೆ.

ಆಮೇಲೆ ಪ್ರತಿವರ್ಷ ತರಗತಿಯಲ್ಲಿ ಈ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆದು ಕಲಿಸಿದೆ. ಚೆನ್ನಾಗಿಯೇ ಕಲಿಸಿದೆ. ಹರಿಹರದ ಬಸ್ಸು ಮಾತ್ರ ಹತ್ತಲಿಲ್ಲ. ಈ ಬೇಸಿಗೆಯಲ್ಲಿ ನೀವು ತೀರಿಕೊಂಡ ಸುದ್ದಿ ಬಂತು.

ಹೋದ ವಾರ ಹರಿಹರಕ್ಕೆ ಹೋಗಿ ರಜಿಯಾ ಅವರ ಮುಂದೆ ಕೂತು ಎಲ್ಲ ಹೇಳಿದೆ.

"ಹಂಗಾರೆ ಅವರು ಏನೂ ತಪ್ಪು ಮಾಡಿರಲಿಲ್ಲ?"

"ಇಲ್ಲ."

"ಕಡೇ ದಿನಾನೂ ಮಾಫಿ ಕೇಳ್ಕೊಂಡೇ ಹೋದ್ರು."

ಅವರು ಬೈಯಲಿಲ್ಲ, ಅಳಲೂ ಇಲ್ಲ. ನೀವು ಅಲ್ಲಿನ ಓಣಿಯವರಿಗೆಲ್ಲ ನಿಮ್ಮ 'ತಪ್ಪನ್ನು' ನೀವೇ ಹೇಳಿಕೊಂಡಿದ್ದಿರಂತೆ. ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೂ ಸೇರಿರುತ್ತಾರೆ, ಬಂದು ಅವರ ಮುಂದೆ ಹೇಳಿ ಎಂದರು. ನನ್ನ ಹೆಸರು, ಕೆಲಸ ಎಲ್ಲ ಹೇಳಬೇಕಂತೆ.

ನಾಳೆ ಶುಕ್ರವಾರ. ಹೋಗುತ್ತೇನೆ. ಓಣಿಯವರೆಲ್ಲ ಇರುತ್ತಾರೆ. ಕೇಳಬೇಕಾಗಿದ್ದ ನೀವು ಇರುವುದಿಲ್ಲ.