ಬಳೆ ಹೆಚ್ಚಿದ ಹಾಡು

೨೦೦೨ರಲ್ಲಿ ನಾನು ಚಳ್ಳಕೆರೆಯಲ್ಲಿದ್ದೆ. ಅಲ್ಲಿನ ಮತ್ತು ಮೊಳಕಾಲ್ಮುರಿನ ಹೆಂಗಸರ ಹಾಡುಗಳನ್ನು ಕಂಪ್ಯೂಟರಿಗೆ ಹಾಕಿ ಪದಗಳ ಅರ್ಥ ಹುಡುಕುವ ಯೋಜನೆಯೊಂದರಲ್ಲಿ ಭಾಷಾಶಾಸ್ತ್ರಜ್ಞನ ಕೆಲಸ. ಪ್ರೋಗ್ರಾಂ ನಾನೇ ಬರೆದದ್ದು, ಅದೂ ಮೊದಲು ಲ್ಯಾಟಿನ್ ಕಾವ್ಯಕ್ಕಾಗಿ. ಲ್ಯಾಟಿನ್ನಿನ ‘ಆಲ್ಟುಸ್’ ಎಂದರೆ ಎತ್ತರವೂ ಹೌದು, ಆಳವೂ ಹೌದು. ಪಕ್ಕದಲ್ಲಿ ಬೆಟ್ಟವಿದ್ದರೆ ಎತ್ತರ, ಕಡಲಿದ್ದರೆ ಆಳ. ಹೀಗೆ ಹಿಂದಿನ ನಾಲ್ಕು, ಮುಂದಿನ ನಾಲ್ಕು ಪದ ನೋಡಿ ಕಂಪ್ಯೂಟರ್ ಅರ್ಥ ಹೇಳುತ್ತಿತ್ತು. ನನಗೆ ಅದರ ಜಂಬ ಸ್ವಲ್ಪ ಹೆಚ್ಚೇ ಇತ್ತು.

ರಾಂಪುರದ ತಿಪ್ಪಮ್ಮ ಸೋಬಾನೆಗೆ, ಅಂದರೆ ಮದುವೆ ಹಾಡಿಗೆ ಹೆಸರಾದವರು. ಅವರು ಬಾರದೆ ಆ ಊರಿನಲ್ಲಿ ಅರಿಶಿಣ ಶಾಸ್ತ್ರ ಶುರುವಾಗುತ್ತಿರಲಿಲ್ಲ. ನನ್ನ ಟೇಪಿಗೆ ಮೂವತ್ತು ಹಾಡು ಹಾಡಿ ಮುಗಿಸಿ, ಕೊನೆಗೆ, “ಇದಕ್ಕೆ ಇಲ್ಲಿ ರಾಗ ಹಾಕಂಗಿಲ್ಲ ಸಾರ್, ಬರೇ ಮಾತು ಹೇಳ್ತೀನಿ,” ಎಂದು ಇನ್ನೊಂದನ್ನು ಹೇಳಿದರು. ಗಂಟಲು ದಣಿದಿರಬೇಕು ಎಂದುಕೊಂಡು ಟೇಪು ತಿರುಗಲು ಬಿಟ್ಟೆ.

‘ಬಳೆ ಹೆಚ್ಚಿದವು ಮಗಳೆ, ದೀಪ ದೊಡ್ಡದಾಯ್ತು ಮಗಳೆ.’ ಬಳೆ, ದೀಪ, ಮಗಳು ಒಟ್ಟಿಗಿದ್ದದ್ದನ್ನು ನೋಡಿ ಕಂಪ್ಯೂಟರ್ ಅದನ್ನು ಸೋಬಾನೆಗೆ ಸೇರಿಸಿತು. ನಾನು ಕಣ್ಣು ಮುಚ್ಚಿಕೊಂಡು, ಯೋಜನೆಯಿಂದ ಅಚ್ಚಾಗುತ್ತಿದ್ದ ಸೋಬಾನೆ ಪುಸ್ತಕಕ್ಕೆ ಹಾಕಿದೆ, ಕೆಳಗೆ ತಿಪ್ಪಮ್ಮನ ಹೆಸರು.

ಮರುವರ್ಷ ರಾಂಪುರದ ಮದುವೆಯೊಂದರಲ್ಲಿ, ತಿಪ್ಪಮ್ಮ ಅರಿಶಿಣ ಶಾಸ್ತ್ರ ಮುಗಿಸಿ ಮನೆಗೆ ಹೋದ ಮೇಲೆ, ಹುಡುಗಿಯರು ಆ ಪುಸ್ತಕ ಹಿಡಿದು, ಮದುಮಗಳ ಮುಂದೆ ಅದನ್ನು ಸೋಬಾನೆ ಧಾಟಿಯಲ್ಲಿ ಹಾಡಿದರು. ಮುದುಕಿಯೊಬ್ಬಳು ಎದ್ದು ಬಂದು ಪುಸ್ತಕ ಕಿತ್ತುಕೊಂಡಳಂತೆ. ಬಳೆ ಒಡೆಯಿತು, ದೀಪ ಆರಿತು ಎಂದು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೆಚ್ಚಿತು, ದೊಡ್ಡದಾಯಿತು ಎನ್ನುತ್ತೇವೆ. ಅದು, ಗಂಡ ಸತ್ತ ತನ್ನ ಮಗಳನ್ನು ತಬ್ಬಿಕೊಂಡು ತಿಪ್ಪಮ್ಮ ಅತ್ತ ಹಾಡು. ಸಾವಿನ ಮನೆಯಾಚೆ ಅದಕ್ಕೆ ರಾಗ ಹಾಕುವಂತಿಲ್ಲ. ಹೆಣ್ಣಿನ ಕಡೆಯವರು ಹಾಡಿನ ಕೆಳಗಿನ ಹೆಸರು ನೋಡಿ, ತಿಪ್ಪಮ್ಮನ ಬಾಗಿಲಿಗೆ ಬಂದು ಹಿಡಿ ಮಣ್ಣು ತೂರಿ ಹೋದರು.

ಸುದ್ದಿ ತಿಳಿದು ಓಡಿದೆ. “ಕಂಪ್ಯೂಟರಿಗೆ ಗೊತ್ತಾಗಲಿಲ್ಲಮ್ಮ,” ಎಂದೆ. ನಾಚಿಕೆಗೆಟ್ಟ ಮಾತು.

“ನಿಮ್ಮವ್ವ ಅಕ್ಕಿ ಹೆಚ್ಚೈತೆ ಅಂದ್ರೆ ನೀವು ಏನ್ ಮಾಡ್ತಿದ್ರಿ?” ಎಂದು ತಿಪ್ಪಮ್ಮ ಕೇಳಿದರು.

“ಚೀಲ ತಗೊಂಡು ಅಂಗಡಿಗೆ ಹೋಗ್ತಿದ್ದೆ.”

“ಮತ್ತೆ ನಿಮಗೆ ಗೊತ್ತಿತ್ತಲ್ಲ ಸಾರ್.”

ಉಳಿದ ಪ್ರತಿಗಳಲ್ಲಿ ಆ ಹಾಳೆ ಹರಿದು ಹಾಕಿಸಿದೆ. ಹೆಣ್ಣಿನ ಮನೆಗೆ ಹೋಗಿ ತಪ್ಪು ನನ್ನದೆಂದು ಕೈಮುಗಿದೆ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

ಪದದ ಅರ್ಥ ಅಕ್ಕಪಕ್ಕದ ಪದಗಳಲ್ಲಿರುತ್ತದೆ ಎಂದು ನನ್ನ ವೃತ್ತಿ ಕಲಿಸಿತ್ತು. ಹೇಳಿದವರನ್ನೂ ಒಂದು ಮಾತು ಕೇಳಬೇಕೆಂದು ತಿಪ್ಪಮ್ಮ ಕಲಿಸಿದರು. ರಾಗ ಯಾಕೆ ಹಾಕಬಾರದಮ್ಮ ಎಂದಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಅವರು ಸಾಯುವವರೆಗೂ ಆ ಊರಿನ ಯಾವ ಮದುವೆಗೂ ಅವರನ್ನು ಕರೆಯಲಿಲ್ಲ.