ಅಡವಿಯವಳು ಎಂದದ್ದಕ್ಕಲ್ಲ

ನಮ್ಮ ಸೀಮೆಯಲ್ಲಿ ಇನ್ನೂ ಮಹಾರಾಜರ ಆಳ್ವಿಕೆಯಿದ್ದ ದಿನಗಳು. ಬೈರಕೂರಿನ ನಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಪಕ್ಕದ ಮನೆಯ ರತ್ನ ಓಡಿಬಂದು, "ಲೇ, ಜೇನು ಮಾರೋ ಗುಡ್ಡದ ಎಲ್ಲಮ್ಮ ನಮ್ಮ ಬೀದಿ ಬಿಟ್ಟು ಕೆರೆ ದಾರೀಲಿ ಹೋಗ್ತಾವ್ಳೆ ಕಣೇ!" ಅಂದಳು.

ಹುಣಸೆಹಣ್ಣು ಅಲ್ಲೇ ಬಿಟ್ಟು ಎದ್ದೆ. ಬಾಣಂತಿ ಅಮ್ಮನ ಜ್ವರ ಬಿಟ್ಟಿತ್ತು. ಮರುದಿನವೇ ಕುರುಡುಮಲೆ ಗಣಪತಿಗೆ ಅಜ್ಜಿ ಹೊತ್ತಿದ್ದ ಪಂಚಾಮೃತದ ಹರಕೆ. ಹಾಲು, ಮೊಸರು, ತುಪ್ಪ, ಸಕ್ಕರೆ ಸಿದ್ಧವಿದ್ದವು. ಜೇನು ಎಲ್ಲಮ್ಮನೇ ತರಬೇಕು.

ಅವಳ ಸಿಟ್ಟಿನ ಕಾರಣ ನನಗೆ ಗೊತ್ತು ಅಂದುಕೊಂಡೆ. ಹಿಂದಿನ ಸಲ ಬಂದಾಗ ಅವಳೆದುರೇ, "ಅಜ್ಜೀ, ಅಡವಿಯವಳು ಬಂದವ್ಳೆ" ಅಂತ ಕೂಗಿದ್ದೆ. ನಮ್ಮಲ್ಲಿ ತಲೆ ಬಾಚದ ಮಕ್ಕಳನ್ನು ಬೈಯುವುದಕ್ಕೂ ಅದೇ ಮಾತು. ಅಡವಿಯವರು ರಾಮದೇವರ ಕಥೆಯಲ್ಲಿ ಬಂದರೆ ಮಾತ್ರ ಅಜ್ಜಿ 'ವನವಾಸಿ' ಎಂದು ಕೈಮುಗಿಯುತ್ತಿದ್ದಳು.

ಓಡಿದೆ. ಕೆರೆ ಏರಿಯ ಮೇಲೆ ಸಿಕ್ಕಳು. ಬುಟ್ಟಿಯಿಂದ ಹೊಗೆಯ, ಮೇಣದ ವಾಸನೆ.

"ಎಲ್ಲಮ್ಮಾ, ತಪ್ಪಾಯ್ತು. ಇನ್ನು ಅಡವಿಯವಳು ಅನ್ನಲ್ಲ."

ನಕ್ಕುಬಿಟ್ಟಳು. "ಅಯ್ಯೋ ಪಿಲ್ಲಾ, ಇನ್ನೇನಂತೀಯ? ನಮ್ಮಪ್ಪ ಅಡವಿಯೋನು, ನಾನೂ ಅಡವಿಯೋಳೇ. ಯಾವ ಬಂಡೇಲಿ ಯಾವಾಗ ಜೇನು ಕಟ್ತದೆ ಅಂತ ನಿಮ್ಮೂರಲ್ಲಿ ಯಾರನ್ನಾದ್ರೂ ಕೇಳು, ಹೇಳ್ಲಿ!"

"ಮತ್ತೆ ಯಾಕೆ ಬರಲಿಲ್ಲ?"

ನಗು ನಿಂತಿತು. "ಜಗಲಿ ಇಳಿದು ಹತ್ತು ಹೆಜ್ಜೆ ಹೋಗಿರ್ಲಿಲ್ಲ, ನಾ ಕೂತ ಜಾಗಕ್ಕೆ ಸಗಣಿ ನೀರು ಚಿಮುಕಿಸಿದೆಯಲ್ಲ. ತಿರುಗಿ ನೋಡ್ದೆ."

ಅದನ್ನು ಹಿರಿಯರು ಮಾಡುವುದು ನೋಡಿ ಕಲಿತಿದ್ದೆ; ತಪ್ಪೆಂದು ಹೊಳೆದೇ ಇರಲಿಲ್ಲ. ಅಳು ಬಂತು. "ಅಜ್ಜಿ ಹೇಳಿದ್ರೂ ಇನ್ನು ಚಿಮುಕಿಸಲ್ಲ."

"ನೋಡಾನ ನಡಿ."

ಬಂದಳು. ಜಗಲಿಯಲ್ಲಿ ಕೂತು ಜೇನು ಅಳೆದಳು, ಎದ್ದು ಹೊರಟಳು. ಕೂಡಲೇ ಒಳಗಿನಿಂದ ಅಜ್ಜಿ, "ಜಗಲಿಗೆ ನೀರು ಹಾಕೇ" ಅಂದಳು.

"ಹಾಕಲ್ಲ ಅಜ್ಜಿ. ನಾಳೆ ದೇವರ ತಲೆ ಮೇಲೆ ಸುರಿಸ್ತೀಯಲ್ಲ, ಆ ಜೇನು ಅವಳು ಮುಟ್ಟಿದ್ದೇ ಅಲ್ವಾ?"

ಅಜ್ಜಿ ಹೊಸ್ತಿಲಿಗೆ ಬಂದು ನನ್ನನ್ನೇ ದಿಟ್ಟಿಸಿದಳು. "ಬಾಯಿ ಜಾಸ್ತಿ ಆಯ್ತು ಕಣೇ ನಿಂಗೆ" ಅಂದವಳು ತಾನೂ ಸಗಣಿ ಮುಟ್ಟಲಿಲ್ಲ. ಬೀದಿಯ ತಿರುವಿನಲ್ಲಿ ಎಲ್ಲಮ್ಮ ನಿಂತು ತಿರುಗಿ ನೋಡಿದಳು. ಒಣ ಜಗಲಿ ಕಂಡಿರಬೇಕು. ಬುಟ್ಟಿ ಸರಿಪಡಿಸಿಕೊಂಡು ನಡೆದಳು.

ಈಗ ಜೇನು ಅಂಗಡಿಯ ಸೀಸೆಯಲ್ಲಿ ಬರುತ್ತದೆ. 'ನಾನು ಅಡವಿಯೋಳೇ' ಎಂದು ತಲೆಯೆತ್ತಿ ಹೇಳುವ ದನಿ ಕೇಳಿ ಎಷ್ಟು ಕಾಲವಾಯಿತೋ. ಅಂದು ಅಜ್ಜಿಯೆದುರು ನನ್ನ ಬಾಯಲ್ಲಿ ಆ ಮಾತು ಬರಿಸಿದ್ದು ಗಣಪತಿಯೇ ಎಂದು ಇಂದಿಗೂ ಕೈಮುಗಿಯುತ್ತೇನೆ.

ಅಂದು ಎಲ್ಲಮ್ಮ ತಿರುವಿನಲ್ಲಿ ಮರೆಯಾದಾಗ ತೊಟ್ಟಿಲಲ್ಲಿ ತಮ್ಮ ಅಳತೊಡಗಿದ್ದ. ಒಳಗೆ ಹೋಗಿ ತೂಗಿದೆ.