ಎಪ್ಪತ್ತೆರಡನೇ ನಂಬರಿನ ಅಮ್ಮ

ಅನಸೂಯ ತೆಗೆದ ವಿಡಿಯೊ ಎಂದರೆ ಅಟ್ಲಾಂಟಾದ ಕನ್ನಡಿಗರಲ್ಲಿ ಒಂದು ತಮಾಷೆಯೇ ಆಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಕನ್ನಡ ಸಂಘದ ರಾಜ್ಯೋತ್ಸವ ಯಾವುದಾದರೂ ಹೈಸ್ಕೂಲಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದು ನಡೆಯುತ್ತಿತ್ತು. ಪರದೆ ಸರಿದ ಕೂಡಲೆ ಅಪ್ಪ ಅಮ್ಮಂದಿರು ಹೆಗಲ ಮೇಲೆ ಕ್ಯಾಮ್‌ಕಾರ್ಡರ್ ಹೊತ್ತು ನಡುದಾರಿಗೆ ಬಂದು ನಿಲ್ಲುತ್ತಿದ್ದರು. ಹಿಂದೆ ಕೂತವರಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಎಲ್ಲರೂ ತಂತಮ್ಮ ಮಗುವನ್ನೇ ಹೆಚ್ಚು ಹಿಡಿಯುತ್ತಿದ್ದರು, ನಿಜ. ಅನಸೂಯ ಮಾತ್ರ ತಮ್ಮ ಮಗನನ್ನು ಬಿಟ್ಟು ಬೇರೆ ಏನನ್ನೂ ಹಿಡಿಯುತ್ತಿರಲಿಲ್ಲ.

ಒಂದು ವರ್ಷದ ನಾಟಕದಲ್ಲಿ ರಾಜಲಕ್ಷ್ಮಿಯವರ ಮಗಳು ಯಾಮಿನಿ ರಾಣಿ, ಅನಸೂಯ ಅವರ ಮಗ ಅಮೋಘ್ ಬಾಗಿಲು ಕಾಯುವ ಭಟ. ತಮ್ಮ ಕ್ಯಾಮೆರಾದ ಬ್ಯಾಟರಿ ಕೈಕೊಟ್ಟಿದ್ದರಿಂದ ರಾಜಲಕ್ಷ್ಮಿ ಅನಸೂಯ ಅವರ ಟೇಪನ್ನು ನಾರ್‌ಕ್ರಾಸಿನ ತಮ್ಮ ಮನೆಗೆ ಒಯ್ದರು. ಹಾಕಿ ನೋಡಿದರೆ ನಾಟಕದ ಉದ್ದಕ್ಕೂ ಈಟಿ ಹಿಡಿದು ನಿಂತ ಒಬ್ಬ ದಪ್ಪ ಭಟ, ಆಗಾಗ ಮೂಗು ಒರೆಸಿಕೊಳ್ಳುತ್ತಾನೆ. ರಾಣಿಯ ಮಾತು ಕೇಳಿಸುತ್ತದೆ, ರಾಣಿ ಎಲ್ಲೂ ಇಲ್ಲ.

"ಅಲ್ಲಾ ಅನಸೂಯಾ, ನನ್ ಮಗಳ ಸೆರಗಿನ ಚೂರಾದ್ರೂ ಸಿಗ್ಬಾರ್ದಾ?" ಎಂದರು ರಾಜಲಕ್ಷ್ಮಿ ಟೇಪು ಮರಳಿಸುತ್ತ.

"ಇವ್ನು ಆ ಕಡೆ ನಿಂತಿದ್ನಲ್ಲ ರೀ," ಎಂದರು ಅನಸೂಯ. ಅವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಮೈಸೂರಿನ ಹುಡುಗಿ ಅವರು. ಮದುವೆಯಾಗಿ ಡಾಕ್ಟರ್ ನಟರಾಜರ ಜೊತೆ ಜಾರ್ಜಿಯಾಕ್ಕೆ ಬಂದರು. ಅಟ್ಲಾಂಟಾದಿಂದ ದಕ್ಷಿಣಕ್ಕೆ, ಹತ್ತಿ ಗಿರಣಿ ಮುಚ್ಚಿಹೋದ ಎಲ್ಮ್‌ರಿಜ್ ಎಂಬ ಸಣ್ಣ ಊರಿಗೆ ಮಕ್ಕಳ ಡಾಕ್ಟರು ಬೇಕಿತ್ತು. ನಟರಾಜ ಅಲ್ಲೇ ನೆಲೆಯಾದರು. ಚರ್ಚಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅನಸೂಯ ಕಾರು ಓಡಿಸುವುದನ್ನು ಕಲಿತರು. ಊರಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ ಹಿಡಿದರು. ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬನೇ ಮಗ ಅಮೋಘ್. ಕಾದದ್ದರ ಬಗ್ಗೆ ಅವರು ಯಾರೊಡನೆಯೂ ಮಾತಾಡಿದವರಲ್ಲ. ಕ್ಯಾಮೆರಾ ಮಾತ್ರ ಅವನ ಮೇಲಿಂದ ಕದಲುತ್ತಿರಲಿಲ್ಲ.

ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಅಮೋಘ್ ಅಪ್ಪನಿಗಿಂತ ಒಂದು ತಲೆ ಎತ್ತರ ಬೆಳೆದಿದ್ದ. ಬಾಗಿಲಲ್ಲಿ ಬರುವಾಗ ಭುಜ ಓರೆ ಮಾಡುತ್ತಿದ್ದ. ದೋಸೆಯ ಹಿಟ್ಟು ರುಬ್ಬಿಟ್ಟರೆ ಮಾರನೆಯ ಬೆಳಿಗ್ಗೆಗೆ ಉಳಿಯುತ್ತಿರಲಿಲ್ಲ. ಶಾಲೆಯ ಕೋಚ್ ಮೆರಿಟ್ ಅವನನ್ನು ಕಾರಿಡಾರಿನಲ್ಲಿ ನೋಡಿ ಅಲ್ಲೇ ನಿಲ್ಲಿಸಿ, ಫುಟ್‌ಬಾಲ್ ಆಡುತ್ತೀಯಾ ಎಂದು ಕೇಳಿದ. ಅದು ಅಮೆರಿಕದವರ ಫುಟ್‌ಬಾಲು: ಹೆಲ್ಮೆಟ್ಟು ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹೊತ್ತು ಓಡುವ ಆಟ. ಜಾರ್ಜಿಯಾದ ಸಣ್ಣ ಊರುಗಳಲ್ಲಿ ಶುಕ್ರವಾರ ಸಂಜೆ ಅದನ್ನು ಬಿಟ್ಟು ಬೇರೆ ಸುದ್ದಿ ಇರುವುದಿಲ್ಲ. ಅಮೋಘನಿಗೆ ಸಿಕ್ಕಿದ್ದು ಮುಂಚೂಣಿಯ ಸಾಲಿನ ಜಾಗ, ಎಪ್ಪತ್ತೆರಡನೇ ನಂಬರಿನ ಅಂಗಿ. ಆ ಸಾಲಿನವರು ಚೆಂಡು ಹೊತ್ತವನಿಗೆ ದಾರಿ ಬಿಡಿಸಬೇಕು, ಎದುರಿನವರನ್ನು ತಳ್ಳಬೇಕು. ಚೆಂಡು ಅವರ ಕೈಗೆ ಬರುವುದೇ ಅಪರೂಪ, ಹೆಸರೂ ಪತ್ರಿಕೆಯಲ್ಲಿ ಬರುವುದಿಲ್ಲ.

ಅನಸೂಯ ಪ್ರತಿ ಶುಕ್ರವಾರ ಕ್ಯಾಮೆರಾ ಹಿಡಿದು ಬೇಲಿಯ ಬಳಿ ನಿಂತರು. ಆಟ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕೆಂದು ಅನ್ನಿಸಲೂ ಇಲ್ಲ. ಚೆಂಡು ಎಡಕ್ಕೆ ಹೋಗಲಿ ಬಲಕ್ಕೆ ಹೋಗಲಿ, ಊರೆಲ್ಲ ಎದ್ದು ಕೂಗಲಿ, ಕ್ಯಾಮೆರಾ ಎಪ್ಪತ್ತೆರಡರ ಹಿಂದೆಯೇ ಇರುತ್ತಿತ್ತು. ಅವನು ಬಗ್ಗಿ ಕೂರುವುದು, ಏಳುವುದು, ಯಾರನ್ನೋ ತಳ್ಳಿಕೊಂಡು ಹೋಗುವುದು, ರಾಶಿಯ ಅಡಿಯಿಂದ ಮಣ್ಣು ಕೊಡವಿಕೊಂಡು ಎದ್ದು ಬರುವುದು. ಜೊತೆಗೆ ಅವರ ದನಿ. "ಬೀಳ್ಬೇಡ ಮಗಾ. ಹಿಡ್ಕೋ ಅವ್ನನ್ನ, ಹಿಡ್ಕೋ."

"ಹಿಡ್ಕೊಂಡ್ರೆ ಫೌಲ್ ಅಮ್ಮ," ಎನ್ನುತ್ತಿದ್ದ ಅಮೋಘ್, ಮನೆಗೆ ಬಂದು ಟೇಪು ನೋಡುವಾಗ. ನಟರಾಜರಿಗೆ ಬೇರೆಯೇ ದೂರು. ಗೆದ್ದ ಆಟದಲ್ಲೂ ಯಾರು ಗೆದ್ದರು ಹೇಗೆ ಗೆದ್ದರು ಎಂದು ಆ ಟೇಪಿನಿಂದ ತಿಳಿಯುತ್ತಿರಲಿಲ್ಲ.

ತೊಂಬತ್ತಾರರಲ್ಲಿ ಅಮೋಘನ ಹೈಸ್ಕೂಲಿನ ಕೊನೆಯ ವರ್ಷ. ಅಕ್ಟೋಬರಿನಲ್ಲಿ ಜಾರ್ಜಿಯಾ ರಾಜ್ಯದ ದೊಡ್ಡ ಕಾಲೇಜು ತಂಡದಿಂದ ಕರೆ ಬಂತು. ಓದಿನ ಖರ್ಚೆಲ್ಲ ಅವರದೇ, ಮುಂದಿನ ವರ್ಷವೇ ಮೈದಾನಕ್ಕೆ ಇಳಿಸುತ್ತೇವೆ ಎಂದರು. ಎಲ್ಮ್‌ರಿಜ್‌ಗೆ ಹಬ್ಬ. ಹಾರ್ಡ್‌ವೇರ್ ಅಂಗಡಿಯ ಕಿಟಕಿಯಲ್ಲಿ ಅವನ ಫೋಟೊ ಬಂತು. ನಟರಾಜರ ಬಳಿ ಚುಚ್ಚುಮದ್ದಿಗೆ ಮಕ್ಕಳನ್ನು ಕರೆತಂದ ತಾಯಂದಿರು ಮದ್ದು ಮರೆತು ಆಟದ ಮಾತು ಆಡಿದರು. ತಂಡದ ಕಾಲೇಜು ಕಾರಿನಲ್ಲಿ ಎರಡು ಗಂಟೆಯ ದಾರಿ. ಅನಸೂಯ ಬೆಳಿಗ್ಗೆ ಹೋಗಿ ಸಂಜೆ ದೀಪ ಹಚ್ಚುವಷ್ಟರಲ್ಲಿ ಮನೆಗೆ ಬರಬಹುದಿತ್ತು.

ಆದರೆ ಅಮೋಘನ ಮನಸ್ಸು ಫ್ಲಾರಿಡಾದಲ್ಲಿತ್ತು. ಅಲ್ಲಿಯ ತಂಡ ಆಗ ದೇಶದಲ್ಲೇ ಮೇಲಿನ ಸಾಲಿನದು, ಜಾರ್ಜಿಯಾದವರಿಗೆ ಹುಟ್ಟಾ ಎದುರಾಳಿ. ಹಿಂದಿನ ಬೇಸಿಗೆ ಅವರ ತರಬೇತಿ ಶಿಬಿರಕ್ಕೆ ಹೋಗಿ ಬಂದವನು ಮೈಯೆಲ್ಲ ನೀಲಿಗಟ್ಟಿಸಿಕೊಂಡು, ಎಂದೂ ಇಲ್ಲದ ಖುಷಿಯಲ್ಲಿದ್ದ. "ಅಲ್ಲಿ ಎವ್ರಿಬಡಿ ನನ್ನ ತಳ್ಳಿಬಿಟ್ರು ಅಮ್ಮ. ಒಬ್ರನ್ನೂ ನಾನು ಮೂವ್ ಮಾಡೋಕೆ ಆಗ್ಲಿಲ್ಲ." ಎಲ್ಮ್‌ರಿಜ್‌ನಲ್ಲಿ ಅವನು ಮುಟ್ಟಿದವರೆಲ್ಲ ಬೀಳುತ್ತಿದ್ದರು. ಬೀಳದವರ ನಡುವೆ ನಿಲ್ಲಬೇಕೆಂಬುದು ಅವನ ಒಂದೇ ಆಸೆ. ಆ ತಂಡದವರು ಮಾತ್ರ ಅವನನ್ನು ಕೇಳಿರಲಿಲ್ಲ. ಎಲ್ಲರಿಗೂ ಕಳಿಸುವ ಅಚ್ಚಾದ ಕಾರ್ಡೊಂದು ಬಂದಿತ್ತು, ಆಡಿದ ಟೇಪು ಇದ್ದರೆ ಕಳಿಸಿ ಎಂದು.

ಶಾಲೆಯವರ ಟೇಪುಗಳನ್ನು ಹಾಕಿ ನೋಡಿದರೆ ಎಲ್ಲವೂ ಚೆಂಡಿನ ಹಿಂದೆ ಓಡಿದ್ದವು. ಆಟ ಶುರುವಾದ ಗಳಿಗೆಗೇ ಅಮೋಘ್ ಚಿತ್ರದಿಂದ ಮಾಯ. ಕೋಚ್ ಮೆರಿಟ್ ಮನೆಗೆ ಬಂದು, ಬೇರೆ ಯಾರ ಬಳಿಯಾದರೂ ಏನಾದರೂ ಇದೆಯೇ ಎಂದು ಕೇಳಿದ. ಅನಸೂಯ ಎದ್ದು ಟಿವಿಯ ಕೆಳಗಿನ ಬೀರು ತೆಗೆದರು.

"ಅಮ್ಮಾ, ಪ್ಲೀಸ್, ನಾಟ್ ದೋಸ್," ಎಂದ ಅಮೋಘ್. ಅವನ ಕಿವಿ ಕೆಂಪಾಗಿತ್ತು.

ಮೆರಿಟ್ ಸೋಫಾದ ಅಂಚಿನಲ್ಲಿ ಕೂತು ನೋಡಿದ. ಮೊದಲು ನಕ್ಕ, ಚೆಂಡೇ ಕಾಣುವುದಿಲ್ಲವಲ್ಲ ಎಂದು. ಆಮೇಲೆ ನಗುವುದನ್ನು ನಿಲ್ಲಿಸಿದ. ಕೊಟ್ಟ ಕಾಫಿ ಆರಿತು. ಸಾಲಿನಲ್ಲಿ ಆಡುವ ಹುಡುಗನೊಬ್ಬನ ಕಾಲು, ಸೊಂಟ, ಕೈ, ಆಟ ಶುರುವಾದಲ್ಲಿಂದ ಸೀಟಿ ಊದುವವರೆಗೆ ಒಂದು ಕ್ಷಣವೂ ತಪ್ಪದೆ, ನಾಲ್ಕು ವರ್ಷ. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಟೇಪು ತಾನು ನೋಡಿಲ್ಲ ಎಂದ. ಅಷ್ಟನ್ನೂ ಪೆಟ್ಟಿಗೆಗೆ ತುಂಬಿ ಒಯ್ದು, ನಕಲು ಮಾಡಿಸಿ ಫ್ಲಾರಿಡಾಕ್ಕೆ ಕಳಿಸಿದ. ಅನಸೂಯ ಅವರ ದನಿಯನ್ನು ಅಳಿಸಿಬಿಡಿ ಎಂದು ಅಮೋಘ್ ಬೇಡಿಕೊಂಡಿದ್ದ. ಮೆರಿಟ್‌ಗೆ ಅದು ಹೇಗೆಂದು ಗೊತ್ತಿರಲಿಲ್ಲ.

ಡಿಸೆಂಬರ್ ಸುಮ್ಮನೆ ಕಳೆಯಿತು. ಸಂಕ್ರಾಂತಿಯ ವಾರ, ಫ್ಲಾರಿಡಾ ತಂಡದಲ್ಲಿ ಸಾಲಿನ ಹುಡುಗರನ್ನು ನೋಡಿಕೊಳ್ಳುವ ಕೋಚ್ ಪ್ರಾಕ್ಟರ್ ತಾನೇ ಮನೆಯ ಬಾಗಿಲಿಗೆ ಬಂದ. ಗಿಡ್ಡನೆಯ, ಕತ್ತೇ ಇಲ್ಲದ ಮನುಷ್ಯ. ಎಳ್ಳುಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಾತಾಡಿದ. ಟೇಪಿನಲ್ಲಿ ಒಂದು ಕಡೆ ಚೆಂಡು ಎಲ್ಲೋ ಹೋಗಿಯಾಗಿದೆ, ಉಳಿದ ಹುಡುಗರೆಲ್ಲ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ, ಇವನೊಬ್ಬ ಇನ್ನೂ ಓಡುತ್ತಿದ್ದಾನೆ. ಒಂದು ಸಲವಲ್ಲ, ಪ್ರತಿ ಆಟದಲ್ಲೂ. ಅದಕ್ಕೇ ಬಂದೆ ಎಂದ. ಓದಿನ ಖರ್ಚು ನಾವೂ ಕೊಡುತ್ತೇವೆ, ಆದರೆ ಮೈದಾನದ ಭರವಸೆ ಕೊಡಲಾರೆ ಎಂದ. ಅವನಿಗಿಂತ ಗಟ್ಟಿಯಾದ ಹುಡುಗರು ಅಲ್ಲಿ ಈಗಾಗಲೇ ಇದ್ದಾರೆ. ಎರಡು ವರ್ಷ ಬೆಂಚಿನ ಮೇಲೆ ಕೂರಬೇಕಾದೀತು, ಎಂದೂ ಆಡದೆಯೂ ಹೋಗಬಹುದು.

ಸುದ್ದಿ ಹಬ್ಬಿತು. ರಾಜಲಕ್ಷ್ಮಿ ಫೋನಿನಲ್ಲಿ ನಕ್ಕರು. "ನನ್ ಮಗಳನ್ನ ಕಟ್ ಮಾಡಿದ್ದು ವೇಸ್ಟ್ ಆಗ್ಲಿಲ್ಲ ಬಿಡು."

ಯಾವ ಕಾಲೇಜು ತಂಡ ಸೇರುವುದೆಂದು ಹುಡುಗರು ಸಹಿ ಹಾಕುವ ದಿನ ಫೆಬ್ರವರಿಯ ಮೊದಲ ಬುಧವಾರ. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಮೇಜು ಬಿಟ್ಟೇಳಲಿಲ್ಲ. ನಟರಾಜರ ಮಾತು ಸರಳವಾಗಿತ್ತು. ಕೈಯಲ್ಲಿರುವ ಜಾಗವನ್ನು ಬಿಟ್ಟು ಬೆಂಚು ಕಾಯಲು ಹೋಗುವುದು ಬುದ್ಧಿವಂತಿಕೆಯಲ್ಲ. ಈ ಊರು ನಮ್ಮನ್ನು ಇಪ್ಪತ್ತೈದು ವರ್ಷ ತನ್ನವರೆಂದು ನೋಡಿದೆ, ಅದಕ್ಕೂ ಒಂದು ಮರ್ಯಾದೆ ಬೇಕು. ಇಲ್ಲೇ ಇದ್ದರೆ ನೀನು ಕಾಲೇಜಿನಲ್ಲಿ ಆಡುವ ಒಂದೇ ಒಂದು ಆಟವನ್ನೂ ನಿನ್ನಮ್ಮ ತಪ್ಪಿಸಿಕೊಳ್ಳಬೇಕಾಗಿಲ್ಲ, ಅದನ್ನೂ ಯೋಚಿಸು ಎಂದರು.

ಅಮೋಘ್ ಅಪ್ಪನಿಗೆ ಎದುರಾಡಲಿಲ್ಲ. ತಟ್ಟೆಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳನ್ನು ಬೆರಳಿನಿಂದ ಸರಿಸುತ್ತಿದ್ದ. "ಅಮ್ಮ, ಯೂ ಟೆಲ್ ಮಿ. ನೀನು ಇರು ಅಂದ್ರೆ ಇರ್ತೀನಿ. ಐ ವೋಂಟ್ ಬಿ ಮ್ಯಾಡ್."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅನಸೂಯ ಅವರಿಗೆ ಗೊತ್ತಿತ್ತು. ಇರು ಎಂದರೆ ಇದ್ದೇ ಬಿಡುತ್ತಾನೆ, ಬೇಸರವನ್ನು ಎಂದೂ ತೋರಿಸುವುದಿಲ್ಲ. ಒಂದೇ ಒಂದು ಶಬ್ದ, ಎರಡು ಅಕ್ಷರ. ಕಾಲೇಜು ಆಟ ನಡೆಯುವ ನಾಲ್ಕು ವರ್ಷದ ಶನಿವಾರಗಳೆಲ್ಲ ತಮ್ಮವಾಗುತ್ತವೆ. ಹಿತ್ತಿಲಲ್ಲಿ ಡಾಗ್‌ವುಡ್ ಮರ ಬೋಳಾಗಿ ನಿಂತಿತ್ತು. ಅದರ ಮೇಲೆ ಕೆಂಪು ಕಾರ್ಡಿನಲ್ ಹಕ್ಕಿಯೊಂದು ಬಂದು ಕೂತಿತು. ಅದು ಹಾರಿಹೋಗುವವರೆಗೂ ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು.

"ನಾನು ಇರು ಅನ್ನಲ್ಲಪ್ಪ," ಎಂದರು. "ನಿನ್ನನ್ನ ತಳ್ಳೋರು ಎಲ್ಲಿದಾರೋ ಅಲ್ಲಿಗೆ ಹೋಗು."

ನಟರಾಜ ಹೆಂಡತಿಯ ಮುಖವನ್ನೇ ನೋಡಿದರು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಎದ್ದರು. ಜಾರ್ಜಿಯಾ ತಂಡದ ಕೋಚಿಗೆ ಬೇರೆಯವರಿಂದ ತಿಳಿಯಬಾರದು, ನೀನೇ ಫೋನ್ ಮಾಡಿ ಹೇಳು ಎಂದರು ಮಗನಿಗೆ. ಅಮೋಘ್ ಆ ಸಂಜೆಯೇ ಮಾಡಿದ. ಆ ಕಡೆಯವರು ಒಳ್ಳೆಯ ಮಾತನ್ನೇ ಆಡಿದರು. ಬುಧವಾರ ಬೆಳಿಗ್ಗೆ ಅವನು ಸಹಿ ಹಾಕಿದ ಕಾಗದ ನಟರಾಜರ ಕ್ಲಿನಿಕ್ಕಿನ ಫ್ಯಾಕ್ಸ್ ಯಂತ್ರದಿಂದಲೇ ಫ್ಲಾರಿಡಾಕ್ಕೆ ಹೋಯಿತು. ನಡುವೆ ಕಾಗದ ಸಿಕ್ಕಿಕೊಂಡಾಗ ಅದನ್ನು ಬಿಡಿಸಿ ಮತ್ತೆ ತೂರಿಸಿದವರು ನಟರಾಜರೇ.

ಊರು ಮುನಿಸಿಕೊಂಡಿತು. ಹಾರ್ಡ್‌ವೇರ್ ಅಂಗಡಿಯ ಕಿಟಕಿಯಿಂದ ಫೋಟೊ ಇಳಿಯಿತು. ಲೈಬ್ರರಿಗೆ ಬರುವ ಅಜ್ಜಿಯೊಬ್ಬಳು, ನಮ್ಮ ಊರಿನ ನೀರಿಗೆ ಏನಾಗಿತ್ತು ಎಂದು ಅನಸೂಯ ಅವರನ್ನು ನೇರವಾಗಿ ಕೇಳಿದಳು. ಅನಸೂಯ ನಕ್ಕು, ಅವಳ ಮೊಮ್ಮಗನಿಗೆ ಓದಲು ಪುಸ್ತಕ ತೆಗೆದುಕೊಟ್ಟರು. ಅಮೋಘ್ ಮೊದಲ ವರ್ಷ ಆಡಲಿಲ್ಲ. ಎರಡನೆಯ ವರ್ಷವೂ ಆಡಲಿಲ್ಲ. ಸುಮ್ನೆ ಬೆಂಚ್ ಕಾಯ್ತಿದಾನಂತೆ ಎಂಬ ಮಾತು ಎಲ್ಮ್‌ರಿಜ್‌ನಲ್ಲೂ ಹುಟ್ಟಿತು, ಅಟ್ಲಾಂಟಾದ ಯುಗಾದಿ ಊಟದ ಸಾಲಿನಲ್ಲೂ ಹುಟ್ಟಿತು. ಭಾನುವಾರ ಅವನು ಫೋನ್ ಮಾಡಿದಾಗ ಅನಸೂಯ ಕೇಳುತ್ತಿದ್ದದ್ದು ಒಂದೇ, ಈ ವಾರ ಅಭ್ಯಾಸದಲ್ಲಿ ನಿನ್ನನ್ನು ಯಾರು ಬೀಳಿಸಿದರು ಎಂದು. ಅವನು ಹೆಸರುಗಳನ್ನು ಹೇಳುತ್ತಿದ್ದ. ಎರಡನೆಯ ಚಳಿಗಾಲ ಮುಗಿಯುವಾಗ ಆ ಹೆಸರುಗಳು ಕಡಿಮೆಯಾಗುತ್ತ ಬಂದವು. ಏಪ್ರಿಲಿನ ಒಂದು ಭಾನುವಾರ ಅವನು ಹೇಳಿದ. "ದಿಸ್ ವೀಕ್ ಯಾರೂ ಇಲ್ಲ ಅಮ್ಮ."

ತೊಂಬತ್ತೊಂಬತ್ತರ ಶರತ್ಕಾಲದಲ್ಲಿ ಸಾಲಿನ ಎಡಭಾಗ ಅಮೋಘನದಾಯಿತು, ಅಂಗಿಯ ನಂಬರು ಅದೇ ಎಪ್ಪತ್ತೆರಡು. ಜಾರ್ಜಿಯಾದ ತಂಡ ಫ್ಲಾರಿಡಾಕ್ಕೆ ಆಡಲು ಬಂದ ಶನಿವಾರ ನಟರಾಜ, ಅನಸೂಯ ಮೊಸರನ್ನ ಕಟ್ಟಿಕೊಂಡು, ಒಳಗೆ ಬಿಡದ ಕ್ಯಾಮೆರಾವನ್ನು ಮನೆಯಲ್ಲೇ ಇಟ್ಟು, ನಸುಕಿಗೇ ಹೊರಟರು. ಅವರ ಜಾಗ ಜಾರ್ಜಿಯಾದಿಂದ ಬಂದವರ ಗುಂಪಿಗೆ ತಾಗಿಕೊಂಡೇ ಇತ್ತು. ಎಂಬತ್ತು ಸಾವಿರ ಜನರ ಸದ್ದು ನೆಲದಿಂದ ಅಂಗಾಲಿಗೆ ಹತ್ತುತ್ತಿತ್ತು. ಆಟ ಕೊನೆಯ ನಿಮಿಷಕ್ಕೆ ಬಂದಾಗ ಜಾರ್ಜಿಯಾ ಮುಂದಿತ್ತು. ಫ್ಲಾರಿಡಾದವರು ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಗೆಲುವು, ಅದಕ್ಕೆ ಇನ್ನೊಂದು ಗಜ ಬೇಕು. ಉಳಿದಿರುವುದು ಒಂದೇ ಅವಕಾಶ.

ಎಲ್ಲಿ ನುಗ್ಗುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಎದುರಿನವರು ಅಮೋಘ್ ಇದ್ದ ಎಡಗಡೆಗೇ ಒತ್ತಿಕೊಂಡು ನಿಂತರು. ಚೆಂಡು ಕದಲಿತು. ಅಮೋಘ್ ಕೆಳಗಿನಿಂದ ಎದ್ದು, ಎದುರಿದ್ದ ಭಾರೀ ಹುಡುಗನ ಎದೆಗೆ ಕೈ ಒತ್ತಿದ. ಒಂದು ಗಳಿಗೆ ಇಬ್ಬರೂ ಕದಲಲಿಲ್ಲ. ಆಮೇಲೆ ಆ ಹುಡುಗನ ಹಿಮ್ಮಡಿ ಹುಲ್ಲಿನ ಮೇಲೆ ಜಾರತೊಡಗಿತು, ಒಂದು ಹೆಜ್ಜೆ, ಇನ್ನೊಂದು. ಬಿಟ್ಟುಕೊಟ್ಟ ಆ ಕಿರಿದಾದ ಸಂದಿನಲ್ಲಿ ಚೆಂಡು ಹೊತ್ತವನು ತೂರಿ ಗೆರೆಯಾಚೆ ಬಿದ್ದ. ಸೀಟಿ ಕೇಳಿಸಲೇ ಇಲ್ಲ, ಅಷ್ಟು ಕೂಗು.

ಅನಸೂಯ ಕೂತೇ ಇದ್ದರು, ಎರಡೂ ಕೈ ಬಾಯಿಯ ಮೇಲೆ. ಎದ್ದು ನಿಂತು, ಕೊರಳ ನರ ಉಬ್ಬುವಂತೆ ಕನ್ನಡದಲ್ಲಿ ಕೂಗುತ್ತಿದ್ದವರು ನಟರಾಜ. "ಭಲೇ ಮಗನೇ!" ಅವರು ಹೀಗೆ ಕೂಗಿದ್ದನ್ನು ಹೆಂಡತಿ ಎಂದೂ ಕಂಡಿರಲಿಲ್ಲ. ಪಕ್ಕದ ಗುಂಪಿನಲ್ಲಿ ಜಾರ್ಜಿಯಾದ ಟೋಪಿ ಹಾಕಿಕೊಂಡು ಕುಗ್ಗಿ ಕೂತಿದ್ದ ಒಬ್ಬ ಮುದುಕ ತಲೆಯೆತ್ತಿ, ಆ ಎಪ್ಪತ್ತೆರಡು ನಿಮ್ಮ ಹುಡುಗನೇ, ಎಲ್ಲಿಯವನು ಎಂದು ಕೇಳಿದ.

"ಜಾರ್ಜಿಯಾದವ್ನೇ," ಎಂದರು ನಟರಾಜ. "ಎಲ್ಮ್‌ರಿಜ್ ಹುಡುಗ."

ಮುದುಕ ಅವರ ಕಡೆಗೆ ತಿರುಗಿದ. ಹಾಗಾದರೆ ಅರ್ಧ ನಾವೂ ಗೆದ್ದಂತೆ ಎಂದು ಗೊಣಗಿ ಕೈ ಚಾಚಿದ. ನಟರಾಜ ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದರು. ಅಷ್ಟರಲ್ಲಿ ಅನಸೂಯ ಮೊಸರನ್ನದ ಚೀಲ ಹೆಗಲಿಗೇರಿಸಿ, ಜನರನ್ನು ಸರಿಸಿಕೊಂಡು ಆಟಗಾರರು ಹೊರಬರುವ ಬಾಗಿಲಿನ ಕಡೆಗೆ ಮೆಟ್ಟಿಲಿಳಿಯುತ್ತಿದ್ದರು.